ಲೆಕ್ಚರ್ ಹಾಲಿನ ರ‍್ಯಾಕ್ ಬಿಚ್ಚಿದ ದಿನ

ಜುಲೈ 8, 2025, ಮಂಗಳವಾರ

ಸೆಮಿಸ್ಟರ್ ರಜೆ ಮುಗಿಯೋದ್ರೊಳಗೆ ಕ್ಯಾಂಪಸ್ಸಿನ ಎಲ್ಲಾ ಕ್ಲಾಸ್‌ರೂಮುಗಳ ಪ್ರೊಜೆಕ್ಟರ್, ಮೈಕು, ಲೈಟಿನ ಕಂಟ್ರೋಲ್ ಬದಲಾಗಬೇಕು. ಇವತ್ತು ದೊಡ್ಡ ಲೆಕ್ಚರ್ ಹಾಲಿನ ಸರದಿ. ಪೋಡಿಯಂ ಕೆಳಗೆ ಉಪಕರಣಗಳನ್ನು ಜೋಡಿಸಿಟ್ಟ ರ‍್ಯಾಕ್ ಬಾಗಿಲು ತೆಗೆದರೆ ಧೂಳು, ಹಲ್ಲಿ ಮೊಟ್ಟೆ, ಹಿಂದೆ ನೀಲಿ ತುದಿಯ ವಿಜಿಎ ಕೇಬಲ್ಲು, ಪರದೆಗೆ ಚಿತ್ರ ಕಳಿಸೋ ಹಳೇ ಥರದ್ದು. ಐಬಿಎಂನವರು 1987ರಲ್ಲಿ ತಂದದ್ದು ಅದು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದನ್ನು ಸಿಕ್ಕಿಸೋ ಜಾಗವೇ ಇರಲ್ಲ. ಆದ್ರೂ ನಮ್ಮ ಕೆಲವು ಮೇಷ್ಟ್ರುಗಳು ಹಳೇ ಲ್ಯಾಪ್‌ಟಾಪ್ ಬಿಡೋರಲ್ಲ, ಅವರಿಗೋಸ್ಕರ ಒಂದು ಅಡಾಪ್ಟರ್ ಇಡಲೇಬೇಕು.

'ಒಂದು ಎಚ್‌ಡಿಎಂಐ ಎಳೆದ್ರೆ ಮುಗೀತಲ್ರೀ' ಅಂದ್ರು ಆಫೀಸಿನಲ್ಲಿ. ಚಿತ್ರ, ಸೌಂಡು ಎರಡನ್ನೂ ಒಯ್ಯೋ ಈಗಿನ ಕೇಬಲ್ಲು ಅದು. ಪೋಡಿಯಂನಿಂದ ಹೊರಟು, ಗೋಡೆ ಹತ್ತಿ, ಫಾಲ್ಸ್ ಸೀಲಿಂಗ್ ಮೇಲೆ ಸುತ್ತಿ ಪ್ರೊಜೆಕ್ಟರಿಗೆ ಇಳಿಯೋ ಹೊತ್ತಿಗೆ 30 ಮೀಟರ್ ಆಗುತ್ತೆ. ಮಾಮೂಲಿ ತಾಮ್ರದ ಎಚ್‌ಡಿಎಂಐ ಕೇಬಲ್ಲನ್ನು ಅಷ್ಟು ದೂರಕ್ಕೆ ನಂಬೋ ಹಾಗಿಲ್ಲ. ಅದಕ್ಕೇ ದೂರಕ್ಕೆ ಚಿತ್ರ ಕಳಿಸೋ ಎಚ್‌ಡಿಬೇಸ್‌ಟಿ ಅನ್ನೋ ವ್ಯವಸ್ಥೆ ಹಾಕಿದ್ದೇವೆ. ಚಿತ್ರ, ಸೌಂಡು, ಕಂಟ್ರೋಲ್ ಎಲ್ಲಾ ಕಂಪ್ಯೂಟರ್ ನೆಟ್‌ವರ್ಕಿಗೆ ಬಳಸೋ ಒಂದೇ ಕ್ಯಾಟ್-6 ಕೇಬಲ್ಲಿನಲ್ಲಿ, 100 ಮೀಟರ್‌ವರೆಗೂ ಹೋಗುತ್ತೆ.

ಇನ್ನು ಇಡಿಐಡಿ ತಲೆನೋವು, ಅಂದ್ರೆ ಪರದೆ ತನಗೆ ಏನೇನು ಆಗುತ್ತೆ ಅಂತ ಲ್ಯಾಪ್‌ಟಾಪಿಗೆ ಕೊಡೋ ಮಾಹಿತಿ. ಲ್ಯಾಪ್‌ಟಾಪ್ ಸಿಕ್ಕಿಸಿದ ತಕ್ಷಣ ಅದು ಆ ಕಡೆಯಿರೋ ಪರದೆ ಎಷ್ಟು ರೆಸಲ್ಯೂಷನ್ ತೋರಿಸುತ್ತೆ ಅಂತ ವಿಚಾರಿಸುತ್ತೆ, ನಡುವೆ ಕೂತ ಸ್ವಿಚರ್ (ಯಾವ ಇನ್‌ಪುಟ್ಟಿನ ಚಿತ್ರ ಹೋಗಬೇಕು ಅಂತ ಬದಲಿಸೋ ಪೆಟ್ಟಿಗೆ) ಪ್ರೊಜೆಕ್ಟರಿಗೆ ಆಗದ್ದನ್ನೆಲ್ಲಾ ಆಗುತ್ತೆ ಅಂದುಬಿಟ್ರೆ ಪರದೆ ಪೂರ್ತಿ ಕಪ್ಪು, ಮೇಷ್ಟ್ರು ಫೋನ್ ಮಾಡೋದು ನನಗೆ. ಸ್ವಿಚರಿನಲ್ಲಿ ರೆಸಲ್ಯೂಷನ್ 1080ಪಿ (ಫುಲ್ ಎಚ್‌ಡಿ) ಅಂತಲೇ ಕಟ್ಟಿಹಾಕಿದೆ. ಅದಕ್ಕಿಂತ ಹೆಚ್ಚಿನ 4ಕೆ ಬೇಕು ಅಂತ ಪಾಠ ಮಾಡೋರು ಯಾರೂ ಕೇಳಿಲ್ಲ, ಚಿತ್ರ ಬಂದ್ರೆ ಸಾಕು ಅವರಿಗೆ.

ನಿಜವಾಗಿ ಹೊಟ್ಟೆ ಉರಿಸಿದ್ದು ಹಳೇ ಕಂಟ್ರೋಲರ್, ಬಟನ್ ಒತ್ತಿದ್ರೆ ಪ್ರೊಜೆಕ್ಟರಿಗೆ ಕಮಾಂಡ್ ಕಳಿಸೋದು ಅದೇ. ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ಇನ್ನೂ ಐದಾರು ವರ್ಷ ಬಾಳುತ್ತಿತ್ತು. ಆದರೆ ಅದನ್ನು ಹಾಕಿಕೊಟ್ಟವರು ಯಂತ್ರಕ್ಕೆ ಮಾತ್ರ ಅರ್ಥವಾಗೋ ಕಂಪೈಲ್ ಆದ ಫೈಲ್ ಮಾತ್ರ ತುಂಬಿ ಹೋಗಿದ್ದಾರೆ, ನಾವು ಓದಿ ತಿದ್ದಬಹುದಾದ ಸೋರ್ಸ್ ಕೋಡ್ ಕೊಟ್ಟಿಲ್ಲ. ಟಚ್ ಪ್ಯಾನೆಲ್ ಮೇಲೆ 'ಡಿವಿಡಿ' ಅಂತ ಒಂದು ಬಟನ್ ಇದೆ, ಡಿವಿಡಿ ಪ್ಲೇಯರ್ ಹೋಗಿ ಎಷ್ಟೋ ಕಾಲವಾಯ್ತು, ಆ ಬಟನ್ ತೆಗೆಯೋಕೂ ನಮ್ಮ ಕೈಲಿ ಆಗಲ್ಲ. ಹೊಸ ಪ್ರೊಜೆಕ್ಟರ್ ಕೂರಿಸಿದ್ರೂ ಈ ಕಂಟ್ರೋಲರ್ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲಿನಲ್ಲಿ ಹಳೇ ಪ್ರೊಜೆಕ್ಟರಿನ ಕಮಾಂಡನ್ನೇ ಕಳಿಸ್ತಾ ಇರುತ್ತೆ. ಚೆನ್ನಾಗಿರೋ ಪೆಟ್ಟಿಗೆ ಸುಮ್ನೆ ಗುಜರಿಗೆ. ಈ ಸಲ ಟೆಂಡರಿನಲ್ಲೇ ಬರೆಸಿದ್ದೀವಿ: ಸೋರ್ಸ್ ಕೋಡ್, ಪಾಸ್‌ವರ್ಡು, ವೈರಿಂಗ್ ಡ್ರಾಯಿಂಗ್ ಕೈಗೆ ಬರೋವರೆಗೂ ಕೊನೇ ಬಿಲ್ ಪಾಸಾಗಲ್ಲ. ಪ್ರೊಜೆಕ್ಟರ್ ಯಾವ ಕಂಪನಿಯದಾದರೂ ಪಿಜೆಲಿಂಕ್ ಇರಲೇಬೇಕು ಅಂತಲೂ ಹಾಕಿದ್ದೀವಿ. ಜಪಾನಿನ ಉದ್ಯಮ ಸಂಘವೊಂದು ಮಾಡಿದ ಸ್ಟ್ಯಾಂಡರ್ಡ್ ಅದು. ಆನ್ ಮಾಡು, ಆಫ್ ಮಾಡು, ಇನ್‌ಪುಟ್ ಬದಲಿಸು ಅನ್ನೋ ಮಾಮೂಲಿ ಕಮಾಂಡುಗಳು ನೆಟ್‌ವರ್ಕ್ ಮೇಲೆ ಎಲ್ಲಾ ಕಂಪನಿಗೂ ಒಂದೇ ಥರ ಇರುತ್ತೆ.

ಲೈಟಿನ ಸೆನ್ಸರ್ ಬಗ್ಗೆ ಮಧ್ಯಾಹ್ನ ಪೂರ್ತಿ ವಾದ. ಈಗಿರೋದು ಪಿಐಆರ್ ಅನ್ನೋ ಥರದ್ದು, ಬಿಸಿ ಮೈ ಓಡಾಡಿದ್ರೆ ಮಾತ್ರ ಅದಕ್ಕೆ ಗೊತ್ತಾಗೋದು. ಹೋದ ಸಲ ಪರೀಕ್ಷೆ ಹೊತ್ತಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಬರೀತಾ ಕೂತಿದ್ದರೆ ಹಾಲಿನಲ್ಲಿ ಯಾರೂ ಇಲ್ಲ ಅಂತ ಲೈಟ್ ಆರಿಸಿಬಿಡ್ತು! ಇನ್ವಿಜಿಲೇಟರ್ ಮೇಡಂ ಎದ್ದು ನಿಂತು ಕೈ ಬೀಸಬೇಕಾಯ್ತು. ಅಲುಗಾಟ ಕಾಣದಿದ್ರೆ ಎಷ್ಟು ಹೊತ್ತು ಕಾದು ಲೈಟ್ ಆರಿಸಬೇಕು ಅನ್ನೋದೇ ಪ್ರಶ್ನೆ. ಕರೆಂಟು ಉಳಿಸೋಕೆ ಹತ್ತೇ ನಿಮಿಷ ಸಾಕು ಅಂತ ಎಲೆಕ್ಟ್ರಿಕಲ್ ವಿಭಾಗದವರು, ಅರ್ಧ ಗಂಟೆ ಇರಲಿ ಅಂತ ನಾನು. ಕೊನೆಗೆ ಅರ್ಧ ಗಂಟೆ ಅಂತಾಯ್ತು, ಜೊತೆಗೆ ಗೋಡೆ ಮೇಲೆ 'ಪರೀಕ್ಷೆ' ಅಂತ ಒಂದು ಬಟನ್. ಅದನ್ನು ಒತ್ತಿದ್ರೆ ಸೆನ್ಸರ್ ಬಾಯಿ ಮುಚ್ಚಿಕೊಂಡಿರಬೇಕು.

ಟಚ್ ಪ್ಯಾನೆಲ್ ದೊಡ್ಡ ಹಾಲಿಗೆ ಮಾತ್ರ, ಸಣ್ಣ ರೂಮುಗಳಿಗೆ ಒತ್ತೋ ಬಟನ್ನೇ ಸಾಕು ಅಂತ ಹಟ ಹಿಡಿದಿದ್ದೀನಿ. ಚಾಕ್ ಹಿಡಿದ ಕೈಗೆ ಬಟನ್ನೇ ವಾಸಿ, ಅಲ್ವಾ?

ಸಂಜೆ ಗಣಿತದ ಮೇಷ್ಟ್ರು ಬಂದು ಎಲ್ಲಾ ಒತ್ತಿ ನೋಡಿದರು. ಪ್ರೊಜೆಕ್ಟರ್ ಬಗ್ಗೆ ಒಂದು ಮಾತೂ ಆಡಲಿಲ್ಲ. 'ಬೋರ್ಡ್ ಮೇಲಿನ ಲೈಟು ಬೇರೆ ಮಾಡಿ ಕೊಡ್ರೀ, ಸ್ಕ್ರೀನ್ ಇಳಿಸಿದ್ರೆ ಅದೂ ಆರಿ ಹೋಗುತ್ತೆ' ಅಂದ್ರು. ಸೀಲಿಂಗ್ ಬಿಚ್ಚಿ ನೋಡಿದ್ರೆ ಹೌದು, ಸ್ಕ್ರೀನ್ ಇಳಿಸಿದಾಗ ಆರೋ ಲೈಟು, ಬೋರ್ಡಿನ ಲೈಟು ಎರಡೂ ಒಂದೇ ಲೈನಿನಲ್ಲಿವೆ. ನಾಳೆ ಎಲೆಕ್ಟ್ರಿಷಿಯನ್ ಬರ್ತಾನೆ, ಮೊದಲು ಆ ವೈರು ಬೇರೆ ಮಾಡಿಸಬೇಕು.