ಹಾಜರಿ ಪುಸ್ತಕ ಮುಚ್ಚಿದ ಮೇಲೆ

ಎಂಟನೆಯ ತರಗತಿಗೆ ಸೇರಲು 1991ರ ಜೂನ್‌ನಲ್ಲಿ ತೀರ್ಥಹಳ್ಳಿಯ ಬಸ್ಸಿನಿಂದ ಶಿವಮೊಗ್ಗದಲ್ಲಿ ಇಳಿದಾಗ ನನ್ನ ಬಳಿ ಒಂದು ತಗಡಿನ ಪೆಟ್ಟಿಗೆ, ಒಂದು ಕಂಬಳಿ ಮತ್ತು ಅಮ್ಮ ಕೊಟ್ಟ ಜಪಸರ ಇದ್ದವು. ಅಪ್ಪ ಬೇರೆಯವರ ಅಡಿಕೆ ತೋಟಗಳಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಕೊಂಕಣಿ ಮಾತು, ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಮೊಣಕಾಲೂರಿ ಹೇಳುವ ತೆರ್ಸ್ ಎಂಬ ಜಪಸರದ ಪ್ರಾರ್ಥನೆ, ಭಾನುವಾರ ಐದು ಮೈಲಿ ನಡೆದು ಹೋಗಿ ಭಾಗವಹಿಸುವ ಕನ್ನಡದ ಬಲಿಪೂಜೆ (ಚರ್ಚಿನ ಮಾಸ್), ಇಷ್ಟೇ ನನಗೆ ಗೊತ್ತಿದ್ದ ಧರ್ಮ. ದೇವರನ್ನು ಹಿಂಬಾಲಿಸುವುದು ಒಬ್ಬ ಮನುಷ್ಯ ತಾನೇ ಮಾಡಿಕೊಳ್ಳಬೇಕಾದ ಆಯ್ಕೆ ಎಂಬುದು ಆಗ ನನಗೆ ಹೊಳೆದಿರಲೇ ಇಲ್ಲ. ನಮ್ಮ ಮನೆ ಹೊಳೆಯ ಈಚೆ ದಡದಲ್ಲಿ ಇದ್ದ ಹಾಗೆ ನಾವು ಕ್ರೈಸ್ತರೂ ಆಗಿದ್ದೆವು, ನಾನು ಹುಟ್ಟುವಾಗಲೇ ಅದು ಹಾಗಿತ್ತು.

ಶಿವಮೊಗ್ಗ ಧರ್ಮಕ್ಷೇತ್ರವು, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶವು, ಚಿಕ್ಕಮಗಳೂರಿನಿಂದ ಬೇರೆಯಾಗಿ ಸ್ಥಾಪನೆಯಾದದ್ದು 1988ರ ನವೆಂಬರ್ 14ರಂದು. ಹೀಗಾಗಿ ನಾನು ಬರುವ ಹೊತ್ತಿಗೆ ಎಲ್ಲವೂ ಹೊಸದಾಗಿ ನೆಲೆಗೊಳ್ಳುತ್ತಿದ್ದ ಕಾಲ. ನಮ್ಮ ಹಾಸ್ಟೆಲ್‌ನಲ್ಲಿ ನಲವತ್ತೆರಡು ಕ್ರೈಸ್ತ ಹುಡುಗರಿದ್ದೆವು. ಪ್ರತಿದಿನ ಬೆಳಗಿನ ಜಾವ ಐದೂವರೆಗೆ ಗಂಟೆ, ಆರಕ್ಕೆ ಬಲಿಪೂಜೆ, ಗುಡಿಯ ಬಾಗಿಲಲ್ಲಿ ಹಾಜರಿ ಪುಸ್ತಕ. ತಪ್ಪಿಸಿಕೊಂಡವನಿಗೆ ಆ ಸಂಜೆ ಆಟವಿಲ್ಲ. ಮೊದಲ ವರ್ಷ ನಾನು ಒಂದು ದಿನವೂ ತಪ್ಪಿಸಲಿಲ್ಲ, ಮತ್ತು ನಾನೊಬ್ಬ ಭಕ್ತ ಹುಡುಗನೆಂದೇ ಪ್ರಾಮಾಣಿಕವಾಗಿ ನಂಬಿದ್ದೆ.

ಮರುವರ್ಷ ಹೊಸ ವಾರ್ಡನ್ ಫಾದರ್ ಬಂದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರಿಗೆ ಇಷ್ಟವಾಗುತ್ತಿರಲಿಲ್ಲ. ಬಂದ ಮೊದಲ ರಾತ್ರಿ ಊಟದ ಹಾಲಿನಲ್ಲಿ ಆ ಉದ್ದನೆಯ ನೀಲಿ ರಟ್ಟಿನ ಪುಸ್ತಕವನ್ನು ಕೈಗೆತ್ತಿಕೊಂಡು, ಒಂದೆರಡು ಪುಟ ತಿರುವಿ, ಮುಚ್ಚಿ, ಬೀರುವಿನೊಳಗೆ ಇಟ್ಟರು. ನಾಳೆಯಿಂದ ಗಂಟೆ ಹೊಡೆಯುತ್ತದೆ, ಗುಡಿಯ ಬಾಗಿಲು ತೆರೆದಿರುತ್ತದೆ, ಯಾರು ಬಂದರು ಯಾರು ಬರಲಿಲ್ಲ ಎಂದು ನಾನು ಕೇಳುವುದಿಲ್ಲ ಎಂದರು. ಹೇಳುವುದು ಮುಗಿಯಿತೋ ಇಲ್ಲವೋ, ನಮ್ಮ ಬೆಂಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಲೆನಾಡಿನ ಜೂನ್ ತಿಂಗಳ ಬೆಳಗಿನ ಜಾವ ಹೇಗಿರುತ್ತದೆಂದು ಈ ಸಂಚಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಹಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಕಂಬಳಿ ಬೆಚ್ಚಗಿತ್ತು, ನಾನು ಮಲಗಿದೆ. ಮರುದಿನವೂ ಮಲಗಿದೆ. ಮೂರು ವಾರ ಕಳೆಯುವ ಹೊತ್ತಿಗೆ ಗುಡಿಗೆ ಹೋಗುವವರು ಒಂಬತ್ತೇ ಜನ ಉಳಿದಿದ್ದರು. ಫಾದರ್ ತಮ್ಮ ಮಾತಿಗೆ ತಪ್ಪಲಿಲ್ಲ. ತಿಂಡಿಯ ಹೊತ್ತಿಗೆ ನಮ್ಮೆಲ್ಲರ ತಟ್ಟೆಗೂ ಒಂದೇ ನಗುಮುಖದಿಂದ ಉಪ್ಪಿಟ್ಟು ಬಡಿಸುತ್ತಿದ್ದರು. ಆಮೇಲೆ ಒಂದು ಸಂಗತಿ ನಡೆಯಿತು, ಹೊರಗಿನಿಂದ ನೋಡಿದರೆ ಅದು ಏನೂ ಅಲ್ಲ. ಜೂನ್ 29, ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ಆ ದಿನ ಏಳಲೇಬೇಕೆಂದು ಹಿಂದಿನ ರಾತ್ರಿ ನಾನೇ ನಿಶ್ಚಯ ಮಾಡಿಕೊಂಡಿದ್ದೆ, ಯಾರೂ ಹೇಳಿರಲಿಲ್ಲ. ಗಂಟೆ ಹೊಡೆಯಿತು, ಕಣ್ಣು ಬಿಟ್ಟೆ, ಇನ್ನೊಂದು ಗಳಿಗೆ ಎಂದುಕೊಂಡೆ. ಮತ್ತೆ ಕಣ್ಣು ಬಿಟ್ಟಾಗ ಗುಡಿಯಿಂದ ಕೊನೆಯ ಹಾಡು ಕೇಳುತ್ತಿತ್ತು. ಯಾವ ಕಟ್ಟೂ ಇಲ್ಲದ ನಾನು, ನಾನೇ ಬಯಸಿದ ಒಂದು ಸಣ್ಣ ಒಳ್ಳೆಯ ಕೆಲಸವನ್ನು ಮಾಡಲಾರದವನಾಗಿದ್ದೆ. ಆ ಬೆಳಿಗ್ಗೆ ಆದ ನಾಚಿಕೆ, ಆಟ ತಪ್ಪುವ ಶಿಕ್ಷೆಯಿಂದ ಆಗುತ್ತಿದ್ದಂಥದ್ದಲ್ಲ. ಅದೇ ಹೊತ್ತಿಗೆ ಊರಿನಲ್ಲಿ ಅಪ್ಪ, ಮಳೆ ಎಲ್ಲಿ ಹೊಳವಾಗುತ್ತದೋ ಎಂದು ಆಕಾಶ ನೋಡುತ್ತಾ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತೋಟದ ಅಂಚಿನಲ್ಲಿ ಕಾದು ನಿಂತಿರುತ್ತಾರೆಂಬುದೂ ನೆನಪಾಯಿತು.

ಆ ವಾರದ ಧರ್ಮೋಪದೇಶದ ತರಗತಿಯಲ್ಲಿ ಫಾದರ್ ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯ ಓದಿದರು. ಒಬ್ಬ ಧನಿಕ ಓಡುತ್ತಾ ಬಂದು ಯೇಸುವಿನ ಮುಂದೆ ಮೊಣಕಾಲೂರಿ, ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಕೇಳುತ್ತಾನೆ. ಆಜ್ಞೆಗಳನ್ನೆಲ್ಲ ಚಿಕ್ಕಂದಿನಿಂದ ಪಾಲಿಸಿದ್ದೇನೆ ಎನ್ನುತ್ತಾನೆ. ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದರೆಂಬ ಮಾತನ್ನು ಇಲ್ಲಿ ಮಾರ್ಕನೊಬ್ಬನೇ ಬರೆಯುತ್ತಾನೆ. ಇದೇ ಕಥೆ ಹೇಳುವ ಮತ್ತಾಯನಲ್ಲೂ ಲೂಕನಲ್ಲೂ ಅದಿಲ್ಲ. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ, ನನ್ನನ್ನು ಹಿಂಬಾಲಿಸು ಎಂದಾಗ ಅವನ ಮುಖ ಸಪ್ಪಗಾಗುತ್ತದೆ, ಅವನು ಹೊರಟುಹೋಗುತ್ತಾನೆ. ಫಾದರ್ ಪುಸ್ತಕ ಕೆಳಗಿಟ್ಟು ಕೇಳಿದರು: ‘ಅಷ್ಟು ಪ್ರೀತಿಯಿದ್ದವರು ಅವನನ್ನು ಯಾಕೆ ಹಿಂದಕ್ಕೆ ಕರೆಯಲಿಲ್ಲ? ಅರ್ಧ ಮಾರಿದರೂ ಸಾಕು ಅಂತ ಯಾಕೆ ಹೇಳಲಿಲ್ಲ?’ ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಅವರೂ ಉತ್ತರ ಹೇಳದೆ ತರಗತಿ ಮುಗಿಸಿದರು. ನನಗೆ ಆ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ಆದರೆ ಇಷ್ಟನ್ನು ಹೇಳಬಲ್ಲೆ: ಹೋಗುವವನನ್ನು ಹೋಗಗೊಟ್ಟ ಆ ನೋಟದಲ್ಲಿ ಉದಾಸೀನ ಇರಲಿಲ್ಲ. ಬಲವಂತದಿಂದ ಉಳಿಸಿಕೊಂಡಿದ್ದರೆ ಉಳಿಯುತ್ತಿದ್ದವನು ಅವನಾಗಿರುತ್ತಿರಲಿಲ್ಲ, ಅವನ ಹೆದರಿಕೆಯಾಗಿರುತ್ತಿತ್ತು.

ಹಾಜರಿ ನಿಂತ ಸುದ್ದಿ ಊರುಗಳಿಗೆ ಮುಟ್ಟಿ ಕೆಲವು ತಂದೆಯಂದಿರು ಜಗಳಕ್ಕೆ ಬಂದರು. ಮಕ್ಕಳನ್ನು ಇಲ್ಲಿ ಬಿಟ್ಟದ್ದೇ ಶಿಸ್ತು ಕಲಿಯಲಿ ಎಂದು ಅವರ ವಾದ, ಅದರಲ್ಲಿ ನ್ಯಾಯವಿಲ್ಲವೆಂದು ಈಗ ತಂದೆಯಾಗಿರುವ ನಾನೂ ಹೇಳಲಾರೆ. ಫಾದರ್ ಅವರಿಗೆ ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯ ಬಗ್ಗೆ ಹೇಳಿದರಂತೆ. ವಿಶ್ವಾಸವು ತನ್ನ ಸ್ವಭಾವದಿಂದಲೇ ಮುಕ್ತವಾದ ಕ್ರಿಯೆ, ಯಾರನ್ನೂ ಒತ್ತಾಯಿಸಿ ಅದರೊಳಗೆ ತರುವಂತಿಲ್ಲ ಎಂಬುದು ಆ ಘೋಷಣೆಯ ತಿರುಳು. ಅದಕ್ಕೂ ಬಹಳ ಹಿಂದೆ, ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಶೆಕೆಮ್ ಎಂಬ ಊರಿನಲ್ಲಿ ಇಸ್ರಯೇಲರ ನಾಯಕ ಯೆಹೋಶುವನು ಜನರನ್ನು ಸೇರಿಸಿ, ಯಾರನ್ನು ಸೇವಿಸುತ್ತೀರೋ ಇಂದೇ ಆರಿಸಿಕೊಳ್ಳಿ ಎಂದನಲ್ಲ. ಜನ ಒಕ್ಕೊರಲಿನಿಂದ ಒಪ್ಪಿದ ಮೇಲೂ ಅವನು ಸಂತೋಷಪಟ್ಟು ಸುಮ್ಮನಾಗದೆ, ಇದು ನಿಮ್ಮಿಂದಾಗದ ಕೆಲಸ ಎಂದು ಎಚ್ಚರಿಸಿ ಇನ್ನೊಮ್ಮೆ ಯೋಚಿಸುವಂತೆ ಮಾಡುತ್ತಾನೆ.

ದಸರಾ ರಜೆಗೆ ಊರಿಗೆ ಹೋದಾಗ ಕೊಯ್ಲು ಶುರುವಾಗಿತ್ತು. ಅಪ್ಪನ ಜೊತೆ ತೋಟಕ್ಕೆ ಹೋಗಿ, ನನಗೂ ಮರ ಹತ್ತುವುದನ್ನು ಕಲಿಸಿ ಎಂದು ಹಟ ಹಿಡಿದೆ. ಅವರು ತಮ್ಮ ತಳೆಯನ್ನು ಬಿಚ್ಚಿ ನನ್ನ ಪಾದಗಳಿಗೆ ಹಾಕಿದರು. ತಳೆ ಎಂದರೆ ಎರಡೂ ಪಾದಗಳನ್ನು ಕೂಡಿಸುವ ಹಗ್ಗದ ಬಳೆ. ಹಳಗನ್ನಡದಲ್ಲಿ ತಳೆ ಎಂದರೆ ಕಟ್ಟು, ಬೇಡಿ ಎಂದೇ ಅರ್ಥವೆಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಕಾಲು ಕಟ್ಟಿಕೊಂಡು ಹತ್ತುವುದೇ ಎಂದು ತಳೆ ಬಿಸುಟು ಬರಿಗಾಲಿನಲ್ಲಿ ಪ್ರಯತ್ನಿಸಿದೆ. ಆಳುದ್ದ ಹತ್ತುವುದರೊಳಗೆ ಜಾರಿ ಎದೆ ತರಚಿತು. ಮತ್ತೆ ತಳೆ ಹಾಕಿಕೊಂಡಾಗ ಅಪ್ಪ ಕೆಳಗೆ ನಿಂತು ನನ್ನ ಪಾದದಡಿಗೆ ಹೆಗಲು ಕೊಟ್ಟರು. ಪಾದಗಳು ಮರವನ್ನು ಕಚ್ಚಿ ಹಿಡಿದವು, ಎರಡು ಮೂರು ಆಳೆತ್ತರ ಏರಿದೆ. ಆಮೇಲೆ ಅವರು ಹತ್ತಿದರು. ಐವತ್ತಡಿ ಎತ್ತರದಲ್ಲಿ ಕೊನೆ ಕೊಯ್ದು ಹಗ್ಗದಲ್ಲಿ ಇಳಿಬಿಟ್ಟು, ಕೆಳಗಿಳಿಯದೆ ಪಕ್ಕದ ಮರವನ್ನು ಕೊಕ್ಕೆಯಿಂದ ಎಳೆದು, ಅದಕ್ಕೆ ದಾಟಿ, ಅಲ್ಲಿಂದ ಇನ್ನೊಂದಕ್ಕೆ ದಾಟುತ್ತಾ ಹೋದರು. ಇಳಿದು ಬಂದ ಮೇಲೆ ಅವರ ಪಾದದ ಬದಿ ಮುಟ್ಟಿ ನೋಡಿದೆ. ತಳೆ ಕೂರುವ ಜಾಗದಲ್ಲಿ ಚರ್ಮ ಜಡ್ಡುಗಟ್ಟಿ ಹಸುವಿನ ಗೊರಸಿನ ಹಾಗಿತ್ತು.

ಇದನ್ನು ಫಾದರ್‌ಗೆ ಹೇಳಿದಾಗ ಅವರು ಬಹಳ ಹೊತ್ತು ಪಾದದ ಬಗ್ಗೆಯೇ ಕೇಳಿದರು. ಸದ್ಗುಣವನ್ನು ಕುರಿತು 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಹೇಳಿದ್ದನ್ನು ಅವರಿಂದ ಮೊದಲು ಕೇಳಿದ್ದು ಆ ಸಂಜೆ. ಪದೇ ಪದೇ ಮಾಡಿ ಮನುಷ್ಯನೊಳಗೆ ನೆಲೆಗೊಂಡ ಗುಣವೆಂದರೆ ಅವನು ತನಗೆ ಬೇಕೆನಿಸಿದಾಗ ಬಳಸಿಕೊಳ್ಳಬಲ್ಲಂಥದ್ದು ಎಂದು ಅಕ್ವಿನಾಸ್ ವಿವರಿಸುತ್ತಾನೆ. ಬರೀ ರೂಢಿ ನಮ್ಮನ್ನು ಕೇಳದೆಯೇ ನಮ್ಮನ್ನು ನಡೆಸುತ್ತದೆ. ಸದ್ಗುಣ ನಾವು ಬಯಸಿದ ಕಡೆಗೆ ನಡೆಯುವ ಶಕ್ತಿ ಕೊಡುತ್ತದೆ. ಮೊದಲ ವರ್ಷದ ನನ್ನ ತಪ್ಪದ ಹಾಜರಿ ರೂಢಿಯೂ ಆಗಿರಲಿಲ್ಲವೆಂದು, ಅದು ಬೇರೆಯವರು ನನ್ನನ್ನು ಎತ್ತಿ ಕೂರಿಸುತ್ತಿದ್ದ ಸೌಕರ್ಯವಾಗಿತ್ತೆಂದು ಅವತ್ತು ಅರ್ಥವಾಯಿತು. ನವೆಂಬರ್‌ನಿಂದ ನಾನು ಎದ್ದೆ. ಕೆಲವು ದಿನ ಸೋತೆ. ಕ್ರಿಸ್ಮಸ್ ಹೊತ್ತಿಗೆ ಗುಡಿಯಲ್ಲಿ ನಾವು ಹತ್ತೊಂಬತ್ತು ಜನ ಇದ್ದೆವು. ಉಳಿದವರ ಬಗ್ಗೆ ಫಾದರ್ ಕೊನೆಯವರೆಗೂ ಏನೂ ಕೇಳಲಿಲ್ಲ.

ಸಂತ ಅಗಸ್ಟೀನ್ ತನ್ನ ಮನಪರಿವರ್ತನೆಯ ಕಥೆ ಬರೆಯುವಾಗ ತನ್ನನ್ನು ಹಾಸಿಗೆಯಲ್ಲಿ ಬಿದ್ದುಕೊಂಡವನಿಗೆ ಹೋಲಿಸಿಕೊಳ್ಳುತ್ತಾನೆ: ಏಳಬೇಕೆಂದು ಗೊತ್ತು, ಏಳುವುದೇ ಸರಿಯೆಂದು ಒಪ್ಪಿಗೆಯೂ ಇದೆ, ಆದರೂ ಇನ್ನು ಸ್ವಲ್ಪ ಹೊತ್ತು ಎನ್ನುತ್ತಾ ಮತ್ತೆ ನಿದ್ದೆಗೆ ಜಾರುವವನು. ಪದವಿಯ ದಿನಗಳಲ್ಲಿ ಅದನ್ನು ಓದಿ ನಾನು ಬೆಚ್ಚಿಬಿದ್ದೆ. 386ರಲ್ಲಿ ಮಿಲಾನಿನಲ್ಲಿ ಮೂವತ್ತೊಂದು ವರ್ಷದ ಆ ಪಂಡಿತ ಒದ್ದಾಡಿದ್ದೂ, ಶಿವಮೊಗ್ಗದ ಹಂಚಿನ ಸೂರಿನ ಕೆಳಗೆ ಹದಿನಾಲ್ಕರ ಹುಡುಗ ಒದ್ದಾಡಿದ್ದೂ ಒಂದೇ ಕಟ್ಟಿನೊಳಗೆ. ಮನಸ್ಸು ಕೈಗೆ ಹೇಳಿದರೆ ಕೈ ಕೇಳುತ್ತದೆ, ಮನಸ್ಸು ತನಗೆ ತಾನೇ ಹೇಳಿಕೊಂಡರೆ ಕೇಳುವುದಿಲ್ಲವಲ್ಲ ಎಂದು ಅವನು ಅಚ್ಚರಿಪಡುತ್ತಾನೆ. ಅಲ್ಲಿಂದ ಅವನನ್ನು ಎಬ್ಬಿಸಿದ್ದು ದೈವಕೃಪೆ. ಕೃಪೆ ಬಂದರೆ ಮನುಷ್ಯನ ಸ್ವಾತಂತ್ರ್ಯ ಉಳಿಯುವುದು ಹೇಗೆಂದು ಕೇಳುವವರಿಗೆ ನಾನು ಅಪ್ಪನ ಹೆಗಲನ್ನು ತೋರಿಸುತ್ತೇನೆ. ಹೆಗಲಿಲ್ಲದೆ ನಾನು ಹತ್ತುತ್ತಿರಲಿಲ್ಲ, ಆದರೆ ಹತ್ತಿದವನು ನಾನೇ.

ಇಷ್ಟೆಲ್ಲ ಕಲಿತವನು ಮುಂದೆ ಏನು ಮಾಡಿದನೆಂಬುದನ್ನೂ ಹೇಳಬೇಕು. ಪದವಿ ಮುಗಿಸಿ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತನಾದೆ. ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡವಾಗಿ ಬಂದ ಮಾಲಿನ ತೂಕ ಬರೆದುಕೊಳ್ಳುವುದು ನನ್ನ ಕೆಲಸ. ಸಣ್ಣ ಬೆಳೆಗಾರರ ಮೂಟೆಗೆ ಒಂದು ಕಿಲೋ ಕಡಿಮೆ ಬರೆಯಬೇಕೆಂದು ಎರಡನೆಯ ವಾರ ಮಾಲೀಕರ ಸೂಚನೆ ಬಂತು. ಮೊದಲ ದಿನ ಬರೆಯುವಾಗ ಕೈ ನಡುಗಿತು. ಮೂರನೆಯ ತಿಂಗಳು ನಡುಗಲಿಲ್ಲ. ಜಡ್ಡು ಒಳ್ಳೆಯದಕ್ಕೆ ಮಾತ್ರ ಕಟ್ಟುವುದಿಲ್ಲವೆಂದು ಫಾದರ್ ಅಂದೇ ಹೇಳಿದ್ದರು, ನಾನು ಆ ಮಾತನ್ನು ಬೇರೆಯವರಿಗೆಂದು ಕೇಳಿಸಿಕೊಂಡಿದ್ದೆ. ಏಳನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಎರಡು ಮೂಟೆ ತಂದಿದ್ದ ಒಬ್ಬ ಮುದುಕರು, ನಾನು ಬರೆದ ಅಂಕಿಯನ್ನು ನೋಡದೆ, ‘ನೀವು ಬರೆದದ್ದೇ ಸರಿ ಬಿಡಿ’ ಎಂದು ಚಪ್ಪಲಿ ಕಳಚಿ ಕಟ್ಟೆಯ ಮೇಲೆ ಕುಳಿತರು. ಅವರ ಪಾದದ ಬದಿಯಲ್ಲಿ ಅಪ್ಪನದೇ ಜಡ್ಡು.

ಆ ಸಂಜೆಯೇ ಕೆಲಸ ಬಿಟ್ಟೆ. ಮೂರು ತಿಂಗಳು ಬೇರೆ ಕೆಲಸ ಸಿಗಲಿಲ್ಲ. ಫಾದರ್ ಆಗ ಹೊಸನಗರದ ಕಡೆಯ ಒಂದು ಧರ್ಮಕೇಂದ್ರದ ಚರ್ಚಿನಲ್ಲಿದ್ದರು. ಹೋಗಿ ಪಾಪನಿವೇದನೆ ಮಾಡಿದೆ, ಕ್ಷಮೆ ಪಡೆದೆ. ಹೊರಗೆ ಜಗಲಿಯಲ್ಲಿ ಕುಳಿತ ಮೇಲೆ ಆ ವಿಷಯವನ್ನು ನಾನೇ ಮತ್ತೆ ಎತ್ತಿ, ಇನ್ನು ನಾನು ಏನು ಮಾಡಬೇಕೆಂದು ಕೇಳಿದೆ. ‘ಲೆಕ್ಕ ಬರೆದವನು ನೀನು, ನಿನಗೆ ಗೊತ್ತಿರಬೇಕಲ್ಲ’ ಎಂದರು. ನನ್ನ ಮುಖವನ್ನು ಒಂದು ಗಳಿಗೆ ನೋಡಿ ಕಾಫಿ ತರಲು ಒಳಗೆ ಹೋದರು.

ನೆನಪಿದ್ದ ಹೆಸರುಗಳನ್ನು ಅವತ್ತು ರಾತ್ರಿ ಬರೆದೆ, ಹದಿನೇಳು ಆದವು. ಲೂಕನ ಶುಭಸಂದೇಶದಲ್ಲಿ ಸುಂಕದವನಾದ ಜಕ್ಕಾಯ ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ನನ್ನ ಸಂಬಳದಲ್ಲಿ ಇದ್ದಷ್ಟನ್ನು ತೀರಿಸಲು ನಾಲ್ಕು ವರ್ಷ ಹಿಡಿಯಿತು. ಭಾನುವಾರಗಳಂದು ಬಲಿಪೂಜೆ ಮುಗಿಸಿಕೊಂಡು ಬಸ್ಸು ಹತ್ತಿ ಒಂದೊಂದು ಮನೆ ಹುಡುಕಿ ಹೋಗುತ್ತಿದ್ದೆ. ಒಬ್ಬರು ಹಣ ತೆಗೆದುಕೊಳ್ಳದೆ ಊಟ ಹಾಕಿ ಕಳಿಸಿದರು. ಒಬ್ಬರು ನಾನು ಹೇಳಿದ್ದನ್ನು ಪೂರ್ತಿ ಕೇಳಿ ಬಾಗಿಲು ಹಾಕಿಕೊಂಡರು, ಎರಡು ವರ್ಷ ಬಿಟ್ಟು ಹೋದಾಗ ತೆರೆದರು. ಕಟ್ಟೆಯ ಮೇಲೆ ಕುಳಿತಿದ್ದ ಆ ಮುದುಕರ ಊರು ಮಾತ್ರ ಸಿಗಲಿಲ್ಲ. ಆಗುಂಬೆಯ ಕಡೆಯವರೆಂದು ಮಂಡಿಯ ಹಮಾಲಿಯೊಬ್ಬರು ಹೇಳಿದ್ದರು. ಈ ಸಲ ಮಳೆ ನಿಂತ ಮೇಲೆ ಮತ್ತೆ ಆ ಕಡೆ ಹೋಗುವವನಿದ್ದೇನೆ.