ಐರಿಸ್ ಬೀಜ: ಕಾಯಿ ಬಿಡಿಸಿದಂದಿನಿಂದ 214ನೇ ದಿನದವರೆಗೆ

ದಿನ 1. ಕಾಯಿ ಕಂದು ಬಣ್ಣಕ್ಕೆ ತಿರುಗಿ ತುದಿ ಬಿರಿದ ದಿನವೇ ಬಿಡಿಸಿದ್ದು. ಪರಾಗಸ್ಪರ್ಶವಾಗಿ 9 ವಾರ ತುಂಬಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ಬೀಜ ನೆಲದ ಪಾಲು. ಐರಿಸ್ ಎಂಬ ಹೂಗಿಡದ ಮೂರು ಬಗೆಯ ಬೀಜ ಸಿಕ್ಕಿದ್ದು: ಬಿಯರ್ಡೆಡ್ 60, ಸೈಬೀರಿಯನ್ 40, ಲೂಯಿಸಿಯಾನ 12. ಎಲ್ಲವೂ ಹೈಬ್ರಿಡ್ ಗಿಡದ ಬೀಜ, ಆದ್ದರಿಂದ ತಾಯಿಗಿಡದ ಬಣ್ಣವೇ ಬರುತ್ತದೆಂದು ಎಣಿಸುವಂತಿಲ್ಲ. ಅದೇ ಹೂವು ಬೇಕಿದ್ದರೆ ಗೆಡ್ಡೆ ಒಡೆದು ನೆಡುವುದೊಂದೇ ದಾರಿ.

ದಿನ 2ರಿಂದ 15. ನೆನೆಸುವ ಕೆಲಸ. ಐರಿಸ್ ಬೀಜದೊಳಗೆ ಮೊಳಕೆಯನ್ನು ತಡೆಹಿಡಿಯುವ ಅಂಶಗಳಿವೆ, ಅವು ನೀರಿನಲ್ಲಿ ಕರಗುತ್ತವೆ. ಹಾಗಾಗಿ ನೆನೆಸಿಟ್ಟು ಸುಮ್ಮನಿದ್ದರೆ ಸಾಲದು, ದಿನಾ ನೀರು ಚೆಲ್ಲಿ ಹೊಸದು ಹಾಕಬೇಕು. ಒಂದೊಂದು ಜಾತಿಯನ್ನು ಹಳೆಯ ಸೊಳ್ಳೆಪರದೆಯ ತುಂಡಿನಲ್ಲಿ ಗಂಟು ಕಟ್ಟಿದರೆ ಬೀಜ ಬೆರೆಯುವುದಿಲ್ಲ, ನೀರು ಬದಲಿಸುವುದೂ ಸಲೀಸು. ಮೊದಲ ಮೂರು ದಿನ ನೀರು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಹತ್ತನೇ ದಿನದ ಹೊತ್ತಿಗೆ ತಿಳಿಯಾಯಿತು. ತೇಲುವ ಬೀಜ ಜೊಳ್ಳು ಎಂಬ ಲೆಕ್ಕ ಇಲ್ಲಿ ನಡೆಯದು. ಲೂಯಿಸಿಯಾನ ಬೀಜಕ್ಕೆ ಬೆಂಡಿನಂಥ ಹೊದಿಕೆ ಇರುವುದೇ ನೀರಿನ ಮೇಲೆ ತೇಲಿ ಹೋಗುವುದಕ್ಕೆ. ತೇಲಿತೆಂದು ಎಸೆದರೆ ಒಳ್ಳೆಯ ಬೀಜವನ್ನೇ ಎಸೆದಂತೆ.

ದಿನ 16. ಬಿಯರ್ಡೆಡ್ ಮತ್ತು ಸೈಬೀರಿಯನ್ ಫ್ರಿಜ್‌ಗೆ, ಮೊಳೆಯುವ ಮೊದಲು ಇವಕ್ಕೆ ಚಳಿಗಾಲದಂಥ ತಂಪು ಬೇಕು. ಅರ್ಧ ಕಪ್ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಚೂರು) ಒದ್ದೆ ಮಾಡಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಒಂದೆರಡು ಹನಿ ಮಾತ್ರ ಬಂದರೆ ಹದ ಸರಿ, ಧಾರೆಯಾಗಿ ಇಳಿದರೆ ಹೆಚ್ಚಾಯಿತು. ಬೀಜ ಬೆರೆಸಿ ಜಿಪ್ ಕವರಿಗೆ ತುಂಬಿ, ಸ್ವಲ್ಪ ಗಾಳಿ ಉಳಿಸಿ ಮುಚ್ಚಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು. ಹಿಂಬದಿಯ ಗೋಡೆಗೆ ತಾಗದಂತೆ ಇಡಿ, ಅಲ್ಲಿ ಹೆಪ್ಪುಗಟ್ಟುತ್ತದೆ. ಒಣ ಬೀಜವನ್ನು ಮೂರು ತಿಂಗಳು ಫ್ರಿಜ್‌ನಲ್ಲಿಟ್ಟು ‘ಚಳಿ ಕೊಟ್ಟಾಯಿತು’ ಎಂದುಕೊಳ್ಳುವವರು ಬಹಳ. ಅದು ಬರೀ ಶೇಖರಣೆ. ಚಳಿಯ ದಿನಗಳನ್ನು ಎಣಿಸಬೇಕಾದ್ದು ನೀರು ಹೀರಿ ಉಬ್ಬಿದ ಬೀಜಕ್ಕೆ ಮಾತ್ರ.

ಲೂಯಿಸಿಯಾನವನ್ನು ಫ್ರಿಜ್‌ಗೆ ಹಾಕಲಿಲ್ಲ. 6 ಬೀಜಗಳ ಬೆಂಡಿನ ಹೊದಿಕೆಯನ್ನು ಉಗುರಿನಿಂದ ಸೀಳಿ ಸುಲಿದು, ಇನ್ನಾರನ್ನು ಹಾಗೇ ಬಿಟ್ಟು, ಎರಡು ಕುಂಡಗಳಲ್ಲಿ ನೇರವಾಗಿ ಬಿತ್ತಿದ್ದು. ಇವಕ್ಕೆ ಒದ್ದೆ ಮಣ್ಣು ಹಿತ, ಕುಂಡದ ಕೆಳಗಿನ ತಟ್ಟೆಯಲ್ಲಿ 2 ಸೆಂ.ಮೀ. ನೀರು ನಿಂತೇ ಇರುತ್ತದೆ.

ದಿನ 44. ಬಿಯರ್ಡೆಡ್ ಕವರಿನಲ್ಲಿ ಬೂಷ್ಟು. 5 ಬೀಜಗಳ ಮೇಲೆ ಬೂದು ನೂಲು. ಬೂಷ್ಟು ಕಂಡ ಬೀಜವೆಲ್ಲ ಸತ್ತಿರುವುದಿಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಬೇಕು. 3 ಕಲ್ಲಿನಂತೆ ಗಟ್ಟಿ, ಅವನ್ನು ತೊಳೆದು ಹೊಸ ವರ್ಮಿಕ್ಯುಲೈಟ್‌ಗೆ ಹಾಕಿದ್ದಾಯಿತು. 2 ಪಿಚಕ್ಕೆಂದು ಲೋಳೆಯಾದವು, ಕಸಕ್ಕೆ. ಕಾರಣ ಬೀಜಕ್ಕೆ ಅಂಟಿ ಉಳಿದ ಕಾಯಿಯ ನಾರು. ನೆನೆಸುವಾಗಲೇ ಉಜ್ಜಿ ತೆಗೆಯಬೇಕಿತ್ತು.

ದಿನ 50. ಸುಲಿದ ಲೂಯಿಸಿಯಾನ ಆರರಲ್ಲಿ 5 ಮೊಳೆತಿವೆ. ಸುಲಿಯದ ಕುಂಡ ಖಾಲಿ.

ದಿನ 86. ಸೈಬೀರಿಯನ್‌ಗೆ 70 ದಿನದ ಚಳಿ ಮುಗಿಯಿತು. ಮಿಶ್ರಣ: ಕೊಕೊಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) 1, ದಪ್ಪ ಮರಳು 1. ಕುಂಡದ ಆಳ 12 ಸೆಂ.ಮೀ., ಬೀಜದ ಆಳ 1 ಸೆಂ.ಮೀ., ಮೇಲೆ ಅರ್ಧ ಸೆಂ.ಮೀ. ಸಣ್ಣ ಜಲ್ಲಿ. ತಿಂಗಳುಗಟ್ಟಲೆ ಕಾಯುವ ಕುಂಡಕ್ಕೆ ಈ ಜಲ್ಲಿ ಬೇಕೇ ಬೇಕು. ಇಲ್ಲದಿದ್ದರೆ ಮೇಲೆ ಪಾಚಿ ಕಟ್ಟುತ್ತದೆ, ನೀರು ಹಾಕಿದಾಗ ಬೀಜ ಮೇಲೆದ್ದು ಬರುತ್ತದೆ. ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಮಾರ್ಕರ್ ಬಿಸಿಲಿಗೆ ಮಾಸುತ್ತದೆ.

ದಿನ 104. ಸೈಬೀರಿಯನ್‌ನ ಮೊದಲ ಮೊಳಕೆ. ಜಲ್ಲಿ ಸರಿಸಿ ನೋಡಿದರೆ ಬೀಜದ ಒಂದು ಬದಿಯಲ್ಲಿ ಪುಟ್ಟ ಮುಚ್ಚಳದಂಥ ಚೂರು ಕಳಚಿದೆ. ಅಲ್ಲಿಂದ ಹೊರಟ ಬಿಳಿ ಎಳೆ ಬಾಗಿ ಕೆಳಕ್ಕೆ ಬೇರಾಗಿದೆ, ಬಾಗಿದ ಜಾಗದಿಂದಲೇ ಹಸಿರು ಎಲೆ ಮೇಲೆದ್ದಿದೆ, ಬೀಜ ಇನ್ನೂ ಪಕ್ಕದಲ್ಲಿ ಅಂಟಿಕೊಂಡೇ ಇದೆ. ಅದನ್ನು ಕೀಳಬಾರದು, ಸಸಿ ಇನ್ನೂ ಅದರಿಂದಲೇ ಉಣ್ಣುತ್ತಿದೆ. ಹುಲ್ಲೆಂದು ಕಿತ್ತು ಹಾಕುವುದು ಈ ಹಂತದಲ್ಲಿ ಆಗುವ ದೊಡ್ಡ ತಪ್ಪು. ಐರಿಸ್ ಎಲೆ ಬುಡದಿಂದಲೇ ಚೂರಿಯ ಅಲಗಿನಂತೆ ಚಪ್ಪಟೆ, ಎರಡೂ ಮೈ ಒಂದೇ ಥರ. ಹುಲ್ಲಿನ ಎಲೆ ಬುಡದಲ್ಲಿ ಕಾಂಡವನ್ನು ಸುತ್ತಿಕೊಂಡಿರುತ್ತದೆ.

ದಿನ 106. ಬಿಯರ್ಡೆಡ್‌ಗೆ 90 ದಿನ ಆಯಿತು, 58 ಬೀಜ ಬಿತ್ತಿದ್ದು. ಆಳ 1.5 ಸೆಂ.ಮೀ.

ದಿನ 133. ಬಿಯರ್ಡೆಡ್‌ನಲ್ಲಿ ಮೊದಲ 2.

ದಿನ 150. ಎರಡು ಸೈಬೀರಿಯನ್ ಸಸಿ ಅಡ್ಡ ಬಿದ್ದವು, ಬುಡ ನೂಲಿನಂತೆ ಸಣಕಲಾಗಿದೆ. ಬುಡಕೊಳೆ. ಸಂಜೆ ಮೇಲಿನಿಂದ ನೀರು ಚಿಮುಕಿಸಿ ರಾತ್ರಿಯಿಡೀ ಒದ್ದೆ ಉಳಿದದ್ದೇ ಮೂಲ. ಈಗ ಬೆಳಿಗ್ಗೆ ಕುಂಡವನ್ನು 20 ನಿಮಿಷ ನೀರಿನ ಟ್ರೇಯಲ್ಲಿಟ್ಟು ತೆಗೆಯುವ ಕ್ರಮ. ಮತ್ತೆ ಬಿದ್ದಿಲ್ಲ.

ದಿನ 165. ಬಿಯರ್ಡೆಡ್ 19. ರಾತ್ರಿ 8ರಿಂದ 10, ಹಗಲು 18 ಡಿಗ್ರಿ ಇದ್ದ ವಾರಗಳಲ್ಲೇ ಬಹುಪಾಲು ಬಂದವು. ಹಗಲು 26 ದಾಟಿದ ಮೇಲೆ ಹೆಚ್ಚುಕಮ್ಮಿ ನಿಂತೇಹೋಯಿತು. ಬೆಚ್ಚಗಿಟ್ಟರೆ ಬೇಗ ಬರುತ್ತದೆಂದು ಕುಂಡದಡಿ ಶಾಖ ಕೊಡುವುದು ಟೊಮೆಟೊಗೆ ಸರಿ, ಇದಕ್ಕೆ ಅಲ್ಲ.

ದಿನ 214. ಸೈಬೀರಿಯನ್ ಒಟ್ಟು 33 ಮೊಳೆತು, ಉಳಿದದ್ದು 31. ಮೂರು ಎಲೆ ಬಂದು 8 ಸೆಂ.ಮೀ. ಎತ್ತರವಾದವನ್ನು ಬಿಡಿ ಕುಂಡಗಳಿಗೆ ಬದಲಿಸಿ, ಗೊಬ್ಬರವನ್ನು ಹೇಳಿದ ಪ್ರಮಾಣದ ಕಾಲು ಭಾಗಕ್ಕೆ ಇಳಿಸಿ ಕೊಡಲಾಗುತ್ತಿದೆ. ಹೂವಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ. ಸುಲಿಯದ ಲೂಯಿಸಿಯಾನದಲ್ಲಿ ಇವತ್ತಿಗೆ ಬಂದದ್ದು 1.

ಬಿಯರ್ಡೆಡ್ 21ಕ್ಕೆ ನಿಂತಿದೆ. ಮೊಳೆಯದ ಬೀಜಗಳಲ್ಲಿ 4 ಹೊರತೆಗೆದು ಒತ್ತಿದರೆ ನಾಲ್ಕೂ ಗಟ್ಟಿ. ಒಂದನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ಬೆಳ್ಳಗಿನ ಗಟ್ಟಿ ತಿರುಳು, ನಡುವೆ ಕಡ್ಡಿಯಂಥ ಭ್ರೂಣ, ಕಪ್ಪಾಗಿಲ್ಲ, ಕುಗ್ಗಿಲ್ಲ. ಇಂಥ ಕುಂಡವನ್ನು ಸುರಿಯಬಾರದು. ಮೊದಲ ವರ್ಷ ಅಲುಗದ ಬೀಜ ಎರಡನೇ, ಮೂರನೇ ಚಳಿ ಕಳೆದ ಮೇಲೆ ಮೊಳೆಯುವುದು ಐರಿಸ್‌ನಲ್ಲಿ ಮಾಮೂಲು, ಆಂಕೊಸೈಕ್ಲಸ್ ಎಂಬ ಐರಿಸ್ ಗುಂಪಿನವು ಅದಕ್ಕೂ ಹೆಚ್ಚು ವರ್ಷ ತೆಗೆದುಕೊಳ್ಳುತ್ತವೆ. ಮೊಳೆತ ಸಸಿಗಳನ್ನು ಬೇರಿಗೆ ಪೆಟ್ಟಾಗದಂತೆ ಎತ್ತಿ, ಉಳಿದ ಬೀಜವನ್ನು ಅದೇ ಮಣ್ಣಿನಲ್ಲಿ ಮುಚ್ಚಿ, ಕುಂಡವನ್ನು ನೆರಳಿಗೆ ಸರಿಸಿದ್ದಾಗಿದೆ. ಪೂರ್ತಿ ಒಣಗದಂತೆ ವಾರಕ್ಕೊಮ್ಮೆ ನೀರು. ಲೇಬಲ್‌ನಲ್ಲಿ ಪೆನ್ಸಿಲ್ ಬರಹ: ಬಾಕಿ 36, ಎರಡನೇ ಚಳಿಗೆ.