“ಡ್ರೈವ್‌ನಲ್ಲಿ ಇಟ್ಟರೆ ಸೇಫಾ?” ಎಂದು ಕೇಳುವವರಿಗೆ

ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ನನ್ನತ್ತ ವಾಲಿ, “ನೀವು ಕಂಪ್ಯೂಟರ್‌ನವರಲ್ಲವೇ? ಆಧಾರ್, ಮನೆಪತ್ರ ಎಲ್ಲ ಗೂಗಲ್ ಡ್ರೈವ್‌ಗೆ ಹಾಕಿದ್ದೇನೆ. ಸೇಫಾ?” ಎಂದು ಕೇಳುತ್ತಾರೆ. ಮೊದಮೊದಲು ಎಲೆಯ ಮೇಲಿನ ಅನ್ನ ಆರುವವರೆಗೂ ವಿವರಿಸುತ್ತಿದ್ದೆ. ಈಗ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನು ಕಳುಹಿಸಿ ನಾನು ಪಾಯಸ ತಿನ್ನುತ್ತೇನೆ.

ಮೊದಲನೆಯದಾಗಿ, ಆ “ಸೇಫಾ” ಎಂಬ ಪದವೇ ನನಗೆ ಸಿಟ್ಟು ತರಿಸುತ್ತದೆ. ಕನ್ನಡದಲ್ಲಿ ಭದ್ರ ಎಂಬುದು ಬೇರೆ, ಗೋಪ್ಯ ಎಂಬುದು ಬೇರೆ. ಈ ಸೇಫು ಎರಡನ್ನೂ ಒಟ್ಟಿಗೆ ನುಂಗಿಬಿಟ್ಟಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ (ಗ್ರಾಹಕರ ಕಡತಗಳನ್ನಿಟ್ಟ ಕಂಪ್ಯೂಟರ್‌ಗಳ ಕಟ್ಟಡಕ್ಕೆ) ಬೆಂಕಿ ಬಿದ್ದಾಗ ಹೋದದ್ದು ಭದ್ರತೆ: ಬೇರೆಡೆ ಪ್ರತಿ ಇಟ್ಟಿರದವರ ಕಡತಗಳು ಬೂದಿಯಾದವು. 2011ರ ಜೂನ್ 19ರಂದು ಗೂಗಲ್ ಡ್ರೈವ್‌ನಂಥದೇ ಸೇವೆಯಾದ ಡ್ರಾಪ್‌ಬಾಕ್ಸ್‌ನವರ ಒಂದು ತಪ್ಪಿನಿಂದ ಸುಮಾರು ನಾಲ್ಕು ಗಂಟೆಗಳ ಕಾಲ ಯಾವ ಪಾಸ್‌ವರ್ಡ್ ಹೊಡೆದರೂ ಯಾರ ಖಾತೆಯಾದರೂ ತೆರೆದುಕೊಳ್ಳುವಂತಿತ್ತು; ಆಗ ಹೋದದ್ದು ಗೋಪ್ಯತೆ, ಕಡತಗಳು ಇದ್ದಲ್ಲೇ ಇದ್ದವು. ನೀವು ಕೇಳುತ್ತಿರುವುದು ಇವೆರಡರಲ್ಲಿ ಯಾವುದು ಎಂದು ತಿರುಗಿ ಕೇಳಿದರೆ, “ಅಯ್ಯೋ, ಸುಮ್ಮನೆ ಕೇಳಿದೆ” ಎನ್ನುತ್ತಾರೆ.

“ಗೂಗಲ್‌ನವರೇ ಎನ್‌ಕ್ರಿಪ್ಟ್ ಮಾಡುತ್ತೇವೆ ಎಂದಿದ್ದಾರಲ್ಲ?” ಎನ್ನುವವರೂ ಇದ್ದಾರೆ. ಎನ್‌ಕ್ರಿಪ್ಟ್ ಎಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಕಡತಕ್ಕೆ ಬೀಗ ಹಾಕುವುದು. ಅವರು ಹೇಳಿದ್ದು ಸುಳ್ಳಲ್ಲ. ಬ್ಯಾಂಕಿನ ಲಾಕರ್ ತೆರೆಯಲು ಎರಡು ಕೀಲಿ ಬೇಕು. ಒಂದು ಬ್ಯಾಂಕಿನದು, ಇನ್ನೊಂದು ನಿಮ್ಮದು. ನಮ್ಮ ನಿಮ್ಮಂಥವರ ಸಾಮಾನ್ಯ ಡ್ರೈವ್ ಖಾತೆಯಲ್ಲಿ ಕಡತಕ್ಕೆ ಬೀಗವೇನೋ ಇದೆ, ಆದರೆ ಎರಡೂ ಕೀಲಿಗಳು ಬ್ಯಾಂಕಿನವರ ಕೈಯಲ್ಲೇ ಇವೆ. ಅದರಿಂದೇನಾಯಿತು ಎನ್ನುವವರು ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆಯ ಕಥೆ ಕೇಳಬೇಕು. ವೈದ್ಯರಿಗೆ ತೋರಿಸಲೆಂದು ಅವನು ತನ್ನ ಪುಟ್ಟ ಮಗನ ಬಾವು ಬಂದ ಗುಪ್ತಾಂಗದ ಚಿತ್ರ ತೆಗೆದ. ಫೋನಿನಿಂದ ತಾನಾಗಿಯೇ ಗೂಗಲ್ ಖಾತೆಗೆ ಸೇರಿದ ಅದನ್ನು ಕಂಡ ಗೂಗಲ್‌ನ ಯಂತ್ರ ಮಕ್ಕಳ ಮೇಲಿನ ದೌರ್ಜನ್ಯವೆಂದು ಗುರುತಿಸಿತು, ಗೂಗಲ್ ಅವನ ಖಾತೆಯನ್ನೇ ಮುಚ್ಚಿತು. ಪೊಲೀಸರು ವಿಚಾರಿಸಿ ಅಪರಾಧವೇನೂ ಇಲ್ಲವೆಂದ ಮೇಲೂ ಖಾತೆ ಮರಳಿ ಸಿಗಲಿಲ್ಲ. 2022ರಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ಇದು.

ಎರಡೂ ಕೀಲಿಗಳು ನಿಮ್ಮ ಕೈಯಲ್ಲೇ ಇರಬೇಕೆಂದರೆ ಕಡತ ನಿಮ್ಮ ಕಂಪ್ಯೂಟರ್ ಬಿಡುವ ಮೊದಲೇ ಅದಕ್ಕೆ ಬೀಗ ಬೀಳಬೇಕು. ಪ್ರೋಟಾನ್ ಡ್ರೈವ್‌ನಂಥ ಸೇವೆಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ನಾನು ಬಳಸುವುದು ಕ್ರಿಪ್ಟೊಮೇಟರ್ ಎಂಬ ಮುಕ್ತ ತಂತ್ರಾಂಶ. ಅದು ಗೂಗಲ್ ಡ್ರೈವ್‌ನೊಳಗೇ ಒಂದು ತಿಜೋರಿ ಮಾಡಿಕೊಟ್ಟು, ಕಡತದ ಒಳಗನ್ನಷ್ಟೇ ಅಲ್ಲದೆ ಹೆಸರನ್ನೂ ಗುರುತು ಸಿಗದಂತೆ ಮಾಡುತ್ತದೆ. ಕಡತಗಳು ಎಷ್ಟಿವೆ, ಎಷ್ಟು ದೊಡ್ಡವು, ಯಾವಾಗ ಬದಲಾದವು ಎಂಬುದು ಮಾತ್ರ ಹೊರಗಿನವರಿಗೆ ಕಾಣುತ್ತಲೇ ಇರುತ್ತದೆ. ಇನ್ನು ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಫೋನಿನಂಥದರಿಂದ ಇನ್ನೊಂದು ಖಾತ್ರಿ ಕೇಳುವ ವ್ಯವಸ್ಥೆ) ಹಾಕಿಕೊಳ್ಳಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಇಷ್ಟೆಲ್ಲ ಮಾಡಿ ಪಾಸ್‌ವರ್ಡನ್ನು ಅದೇ ಡ್ರೈವ್‌ನಲ್ಲಿ “ಪಾಸ್‌ವರ್ಡ್” ಎಂಬ ಹೆಸರಿನ ಕಡತದಲ್ಲಿ ಬರೆದಿಟ್ಟವರನ್ನೂ ನಾನು ಬಲ್ಲೆ.

ಇಷ್ಟು ವರ್ಷಗಳಲ್ಲಿ ನನ್ನನ್ನು ಕೇಳಿದವರೆಲ್ಲರ ಚಿಂತೆ ಒಂದೇ: ಬೇರೆಯವರು ತೆರೆದುಬಿಟ್ಟರೆ? ತಮಗೇ ತೆರೆಯಲು ಬಾರದೆ ಹೋದರೆ ಎಂದು ಒಬ್ಬರೂ ಕೇಳಲಿಲ್ಲ. ಸಾಗರದ ನನ್ನ ಸೋದರಮಾವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅವರ ಲ್ಯಾಪ್‌ಟಾಪಿನಲ್ಲಿ ತಿಜೋರಿ ಮಾಡಿಕೊಟ್ಟವನು ನಾನೇ. ಪಾಸ್‌ವರ್ಡ್ ಮರೆತರೆ ಬೇಕಾಗುವ ಮರುಪ್ರಾಪ್ತಿ ಕೀಲಿ ಬೇಕೇ ಎಂದು ತಂತ್ರಾಂಶ ಸ್ಪಷ್ಟವಾಗಿಯೇ ಕೇಳಿತ್ತು. ನಲವತ್ತನಾಲ್ಕು ಇಂಗ್ಲಿಷ್ ಪದಗಳ ಆ ಸರಮಾಲೆಯನ್ನು ಮುದ್ರಿಸಲು ಮನೆಯ ಪ್ರಿಂಟರಿನಲ್ಲಿ ಶಾಯಿ ಇರಲಿಲ್ಲ, ನನಗೆ ರಾತ್ರಿ ಬಸ್ಸಿತ್ತು. ಬೇಡ ಎಂದು ಒತ್ತಿದೆ. ಹೊರಡುವಾಗ, “ಹಳೆಯ ಬೀಗವಿಲ್ಲದ ಪ್ರತಿಗಳನ್ನು ಡ್ರೈವ್‌ನಿಂದ ಅಳಿಸಿಬಿಡಿ ಮಾವ” ಎಂದೂ ಹೇಳಿದೆ. ಅವರು ಶಿಸ್ತಿನ ಮನುಷ್ಯ, ಅಳಿಸಿದರು. ಲ್ಯಾಪ್‌ಟಾಪ್ ಮತ್ತು ಡ್ರೈವ್ ಒಂದಕ್ಕೊಂದು ಹೊಂದಿಕೊಂಡಿದ್ದರಿಂದ ಒಂದು ಕಡೆ ಅಳಿಸಿದ್ದು ಎರಡೂ ಕಡೆ ಹೋಯಿತು, ಮೂವತ್ತು ದಿನ ಕಳೆದ ಮೇಲೆ ಕಸದ ಬುಟ್ಟಿಯೂ ಖಾಲಿಯಾಯಿತು. ಮರುವರ್ಷ ಅವರು ಪಾರ್ಶ್ವವಾಯುವಿನಿಂದ ತೀರಿಕೊಂಡರು.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಅತ್ತೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು. ಪಹಣಿ, ಕ್ರಯಪತ್ರಗಳನ್ನು ಕಚೇರಿಗೆ ಅಲೆದಾದರೂ ಮತ್ತೆ ತೆಗೆಸಬಹುದಿತ್ತು. ಆದರೆ ಮಾವ ತಮ್ಮ ತಾಯಿಯಿಂದ ಹಾಡಿಸಿ ಧ್ವನಿಮುದ್ರಿಸಿದ್ದ ಹಸೆಹಾಡುಗಳೂ ಅದರಲ್ಲೇ ಇದ್ದವು. ನನಗೆ ತೋಚಿದ ಪಾಸ್‌ವರ್ಡ್‌ಗಳನ್ನೆಲ್ಲ ಹಾಕಿ ನೋಡಿದೆ. “ಬೀಗ ಹಾಕಿದವನು ನೀನು, ತೆಗೆಯಲು ಬರುವುದಿಲ್ಲ ಎಂದರೆ ಹೇಗೋ?” ಎಂದರು ಅತ್ತೆ. ಹಾಕಿದವನಿಗೂ ತೆಗೆಯಲು ಬಾರದಿರುವುದೇ ಒಳ್ಳೆಯ ಬೀಗದ ಲಕ್ಷಣ ಎಂದು ನಾನು ಹೇಳಲು ಹೊರಟಿದ್ದೆ, ಪುಣ್ಯಕ್ಕೆ ಹೇಳಲಿಲ್ಲ. ತಂತ್ರಾಂಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಮಾಡದವನು ನಾನು, ಆ ಹಾಳು ಬಸ್ಸಿನ ಗಡಿಬಿಡಿ ಇತ್ತು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಹಾಗಾಗಿ, ದಯವಿಟ್ಟು ನನ್ನನ್ನು ಹೀಗೆ ಕೇಳಿ: ನೀವು ಇಲ್ಲದಾಗ ನಿಮ್ಮ ಕೀಲಿ ಯಾರ ಕೈಗೆ ಸಿಗುತ್ತದೆ? ಇದಕ್ಕೆ ನನ್ನಲ್ಲಿ ಉತ್ತರವಿದೆ. ಆ ನಲವತ್ತನಾಲ್ಕು ಪದಗಳ ಕಾಗದದ ಒಂದು ಪ್ರತಿ ನಾನೂ ನನ್ನ ಹೆಂಡತಿಯೂ ಜಂಟಿಯಾಗಿ ಹೊಂದಿರುವ ಬ್ಯಾಂಕ್ ಲಾಕರಿನಲ್ಲಿದೆ, ಇನ್ನೊಂದು ಮೈಸೂರಿನ ತಂಗಿಯ ಮನೆಯ ಬೀರುವಿನಲ್ಲಿ ಅಂಟಿಸಿದ ಲಕೋಟೆಯೊಳಗಿದೆ. ತಿಜೋರಿಯ ಒಂದು ಪ್ರತಿ ಡ್ರೈವ್‌ನ ಹಂಗಿಲ್ಲದ ಹಾರ್ಡ್ ಡಿಸ್ಕಿನಲ್ಲಿ ಬೇರೆ ಇದೆ. ವರ್ಷಕ್ಕೊಮ್ಮೆ, ಆಯುಧಪೂಜೆಯಂದು ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚುವ ಮೊದಲು, ಆ ಕಾಗದದಿಂದಲೇ ತಿಜೋರಿ ತೆರೆಯುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಕಳೆದ ಸಲ ಹೆಂಡತಿಯನ್ನೇ ಕೂರಿಸಿ, ನಾನು ಬಾಯಿ ಬಿಡದೆ ಹಿಂದೆ ನಿಂತಿದ್ದೆ. ಹಬ್ಬದ ಅಡುಗೆ ಅರ್ಧಕ್ಕೆ ಬಿಟ್ಟು ಬಂದಿದ್ದ ಅವಳಿಂದ ಎರಡು ಸಲ ಬೈಸಿಕೊಂಡೆ, ಆದರೆ ತಿಜೋರಿ ತೆರೆದುಕೊಂಡಿತು.